ಯಾವ ಬೀಚ್ ಅಂತ ಆಮೇಲೆ ನೋಡುವ, ಎಂತಕ್ಕೆ ಹೋಗುವುದು ಹೇಳಿ

ನಾನು ಕಾಸರಗೋಡು ಜಿಲ್ಲೆಯ ನೀರ್ಚಾಲಿನಲ್ಲಿ ಬಾಡಿಗೆಗೆ ವ್ಯಾನ್ ಓಡಿಸುವವನು. 19 ವರ್ಷ ಆಯಿತು. ಮದುವೆ, ಆಸ್ಪತ್ರೆ, ಮಧೂರು ದೇವಸ್ಥಾನ, ಮಂಗಳೂರು ಏರ್‌ಪೋರ್ಟ್ ಎಲ್ಲ ಬಾಡಿಗೆಯೂ ಬರುತ್ತದೆ. ಡಿಸೆಂಬರ್ ರಜೆ ಶುರುವಾದರೆ ಮಾತ್ರ ಫೋನಿನಲ್ಲಿ ಒಂದೇ ಮಾತು. "ಅಣ್ಣಾ, ಭಾನುವಾರ ಬೀಚಿಗೆ ಹೋಗಬೇಕಿತ್ತು, ವ್ಯಾನ್ ಉಂಟಾ?"

ಯಾವ ಬೀಚ್ ಅಂತ ನಾನು ಕೇಳುವುದಿಲ್ಲ. "ಎಂತಕ್ಕೆ ಹೋಗುವುದು?" ಅಂತ ಕೇಳುತ್ತೇನೆ. ಕೆಲವರು ಸ್ವಲ್ಪ ತಬ್ಬಿಬ್ಬಾಗುತ್ತಾರೆ. ಬೀಚಿಗೆ ಎಂತಕ್ಕೆ ಹೋಗುತ್ತಾರೆ, ಸುಮ್ನೆ ನೋಡಲಿಕ್ಕಲ್ವಾ ಅಂತ. ಆದರೆ ಮಕ್ಕಳಿಗೆ ನೀರಲ್ಲಿ ಆಡಬೇಕು, ಅಜ್ಜಿಗೆ ಕೂತು ಸೂರ್ಯ ಮುಳುಗುವುದು ನೋಡಬೇಕು, ಬೆಂಗಳೂರಿನಿಂದ ಬಂದ ಭಾವನಿಗೆ ಕೋಟೆಯ ಫೋಟೋ ಬೇಕು, ಅತ್ತಿಗೆಗೆ ಜನ ಇಲ್ಲದ ಜಾಗ ಬೇಕು. ಇದೆಲ್ಲ ಒಂದೇ ಕಡೆ ಒಂದೇ ಹೊತ್ತಿಗೆ ಸಿಗುವುದಿಲ್ಲ. ಹೊರಡುವ ಮುಂಚೆ ಮನೆಯಲ್ಲಿ ಕೂತು ಇದನ್ನು ಮಾತಾಡಿಕೊಳ್ಳದೆ ಬಂದವರು ನನ್ನ ವ್ಯಾನಿನಲ್ಲಿ ಜಗಳ ಮಾಡಿಕೊಂಡು ವಾಪಸು ಹೋದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಬೇಜಾರಾಗುತ್ತದೆ. ವರ್ಷಕ್ಕೆ ಒಂದು ದಿನ ಎಲ್ಲರೂ ಒಟ್ಟಿಗೆ ಹೊರಟದ್ದು ಹಾಗೆ ಹಾಳಾಗಬಾರದು.

ಮೊದಲು ತಿಂಗಳು ನೋಡಿ. ಜೂನ್ ಶುರುವಿಗೆ ಮಳೆ ಹಿಡಿದ ಮೇಲೆ ಸೆಪ್ಟೆಂಬರ್ ಮುಗಿಯುವ ತನಕ ನಮ್ಮ ಕಡಲು ದೂರದಿಂದ ನೋಡುವ ಕಡಲು. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ ದೊಡ್ಡ ಬಲೆ ಎಳೆಯುವ ಟ್ರಾಲಿಂಗ್ ದೋಣಿಗಳಿಗೇ ನಿಷೇಧ. ಅದು ಮೀನು ಮರಿ ಮಾಡುವ ಕಾಲ ಅಂತ. ಆದರೆ ಅಷ್ಟು ದೊಡ್ಡ ದೋಣಿ ದಡದಲ್ಲಿರುವಾಗ ನಾವು ಮಕ್ಕಳ ಕೈ ಹಿಡಿದು ನೀರಿಗೆ ಇಳಿಯುವುದು ಬೇಡ. ಮಳೆಗಾಲದ ನಡುವೆ ಬರುವ ಆಟಿ ಅಮಾವಾಸ್ಯೆಗೆ ತೃಕ್ಕಣ್ಣಾಡಿನಲ್ಲಿ ತೀರಿಹೋದ ಹಿರಿಯರಿಗೆ ಬಲಿ (ಪಿಂಡ) ಹಾಕಲು ಜನ ಬರುತ್ತಾರೆ. ದೇವಸ್ಥಾನದ ಎದುರಿಗೇ ಕಡಲು. ಆ ದಿನ ಹೋಗುವವರು ಕೆಲಸ ಮುಗಿಸಿ, ಕಾಲು ಮಾತ್ರ ನೆನೆಸಿ, ಹಿಂದೆ ಬನ್ನಿ. ತೆರೆಗೆ ಬೆನ್ನು ಹಾಕಿ ನಿಲ್ಲಬೇಡಿ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಅದರಲ್ಲೂ ಬೆಳಿಗ್ಗೆ. ರಾತ್ರಿಯೆಲ್ಲ ನೆಲ ತಣಿದು ಗಾಳಿ ಊರಿನ ಕಡೆಯಿಂದ ಕಡಲಿಗೆ ಬೀಸುತ್ತದೆ, ನೀರು ತಟ್ಟೆಯ ಹಾಗೆ ಇರುತ್ತದೆ. ಹನ್ನೊಂದು ಗಂಟೆ ಕಳೆದರೆ ನೆಲ ಕಾಯುತ್ತದೆ, ಗಾಳಿ ತಿರುಗಿ ಕಡಲಿನಿಂದ ಬರುತ್ತದೆ, ತೆರೆ ಏಳುತ್ತದೆ. ಹಾಗಾಗಿ ಮಕ್ಕಳನ್ನು ನೀರಲ್ಲಿ ಆಡಿಸಬೇಕಾದರೆ ಏಳು ಗಂಟೆಗೆ ಅಲ್ಲಿರಬೇಕು, ಹತ್ತಕ್ಕೆ ಮೇಲೆ ಬರಬೇಕು. ಸೂರ್ಯಾಸ್ತ ಬೇಕಾದವರು ನಾಲ್ಕೂವರೆಗೆ ಬಂದರೆ ಸಾಕು. ಎರಡೂ ಬೇಕು ಅಂತ ಬೆಳಿಗ್ಗೆಯಿಂದ ಸಂಜೆ ತನಕ ಹೊಯ್ಗೆಯಲ್ಲಿ (ಮರಳಿನಲ್ಲಿ) ಕೂತರೆ ನಡು ಮಧ್ಯಾಹ್ನ ಎಲ್ಲರಿಗೂ ತಲೆನೋವು.

ಉಬ್ಬರ ಇಳಿತಕ್ಕೆ ಒಂದು ಸುಲಭದ ಲೆಕ್ಕ ಉಂಟು. ಇದು ಪ್ರತಿದಿನ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಏಳು ದಿನಕ್ಕೆ ಹತ್ತಿರ ಹತ್ತಿರ ಆರು ಗಂಟೆ ಆಯಿತು. ಅಂದರೆ ಕಳೆದ ಭಾನುವಾರ ಬೆಳಿಗ್ಗೆ ಎಂಟಕ್ಕೆ ನೀರು ಪೂರ್ತಿ ಇಳಿದಿದ್ದರೆ, ಈ ಭಾನುವಾರ ಅದೇ ಹೊತ್ತಿಗೆ ಹೆಚ್ಚು ಕಡಿಮೆ ತುಂಬಿರುತ್ತದೆ. "ಹೋದ ವಾರ ಎಷ್ಟು ದೊಡ್ಡ ಹೊಯ್ಗೆ ಇತ್ತು, ಚಂದ ಇತ್ತು" ಅಂತ ನೆಂಟರನ್ನು ಕರೆದುಕೊಂಡು ಹೋದರೆ ನಿಲ್ಲಲಿಕ್ಕೂ ಜಾಗ ಇಲ್ಲದಂತಾಗುವುದು ಹೀಗೆ. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಏರಿಳಿತ ಇನ್ನೂ ಜಾಸ್ತಿ. ಗೋಡೆಯ ಕ್ಯಾಲೆಂಡರ್ ನೋಡಿದರೆ ಗೊತ್ತಾಗುತ್ತದೆ.

ಇನ್ನು ಜಾಗ. ಚಿಕ್ಕ ಮಕ್ಕಳಿದ್ದರೆ ನಾನು ಮಂಜೇಶ್ವರದ ಕಣ್ವತೀರ್ಥಕ್ಕೆ ಕರೆದುಕೊಂಡು ಹೋಗುತ್ತೇನೆ. ತಲಪಾಡಿ ಗಡಿಗೆ ಹತ್ತಿರ. ಕಡಲ ನೀರು ಒಂದು ದೊಡ್ಡ ಕೊಳದ ಹಾಗೆ ನಿಲ್ಲುವ ಜಾಗ ಅಲ್ಲಿದೆ, ಆಳ ಕಡಿಮೆ. ಪಕ್ಕದಲ್ಲೇ ದೇವಸ್ಥಾನ. ಮಧ್ವಾಚಾರ್ಯರು ಉಡುಪಿಯ ಅಷ್ಟಮಠಗಳನ್ನು ಎರಡೆರಡಾಗಿ ಜೋಡಿ ಮಾಡಿದ್ದು ಇಲ್ಲೇ ಅಂತ ಹೇಳುತ್ತಾರೆ. ಹಿರಿಯರು ದೇವರಿಗೆ ಕೈ ಮುಗಿದು ನೆರಳಲ್ಲಿ ಕೂರಬಹುದು, ಮಕ್ಕಳು ಕಣ್ಣೆದುರಿಗೇ ಆಡಬಹುದು. ಆದರೂ ಒಬ್ಬರು ದೊಡ್ಡವರು ನೀರಲ್ಲಿ, ಮಕ್ಕಳಿಗಿಂತ ಕಡಲ ಬದಿಗೆ ನಿಂತಿರಬೇಕು. ದಡದಿಂದ ಕೂಗಿ ಹೇಳಿದರೆ ತೆರೆಯ ಸದ್ದಿಗೆ ಕೇಳಿಸುವುದಿಲ್ಲ.

ನೆಂಟರಿಗೆ ಊರು ತೋರಿಸುವುದಾದರೆ ಬೇಕಲ. ಕಾಸರಗೋಡಿನಿಂದ ಚಂದ್ರಗಿರಿ ಸೇತುವೆ ದಾಟಿ ಅರ್ಧ ಗಂಟೆಯ ದಾರಿ. ಇಕ್ಕೇರಿಯ ನಾಯಕರ ಕಾಲದ ಕೋಟೆ, ಪೂರ್ತಿ ಕೆಂಪುಕಲ್ಲು. ಆ ಕಲ್ಲು ಮಧ್ಯಾಹ್ನ ಹೆಂಚಿನ ಹಾಗೆ ಕಾಯುತ್ತದೆ, ಒಳಗೆ ನೆರಳು ಕಡಿಮೆ. ಹಾಗಾಗಿ ಮೂರೂವರೆಗೆ ಕೋಟೆ ಹತ್ತಿ, ಐದಕ್ಕೆ ಇಳಿದು ಪಳ್ಳಿಕ್ಕೆರೆ ಬೀಚಿಗೆ ಬನ್ನಿ. ಬೆಂಚು, ಶೌಚಾಲಯ, ಐಸ್‌ಕ್ರೀಮ್ ಎಲ್ಲ ಇರುವುದರಿಂದ ಮಂಡಿ ನೋವಿನವರಿಗೆ ಇದೇ ಒಳ್ಳೆಯದು. ಭಾನುವಾರ ಜನ ಜಾತ್ರೆಯ ಹಾಗೆ. ಶಬ್ದ ಬೇಡ ಅನ್ನುವವರಿಗೆ ಕೋಟೆಯಿಂದ ಸ್ವಲ್ಪ ಉತ್ತರಕ್ಕೆ ಉದುಮದ ಹತ್ತಿರ ಕಾಪ್ಪಿಲ್ ಉಂಟು. ಅಂಗಡಿ ಜಾಸ್ತಿ ಇಲ್ಲ. ನೀರು, ತಿಂಡಿ ಎಲ್ಲ ನಾವೇ ಹೊತ್ತುಕೊಂಡು ಹೋಗಬೇಕು. ಜಿಲ್ಲೆಯ ತೆಂಕಣ ತುದಿಗೆ ವಲಿಯಪರಂಬ, ಒಂದು ಬದಿ ಹಿನ್ನೀರು, ಇನ್ನೊಂದು ಬದಿ ಕಡಲು. ಅಲ್ಲಿಗೆ ಹೋಗುವುದಾದರೆ ಇಡೀ ದಿನ ಇಡಿ.

ವ್ಯಾನ್ ಬೇಡ ಅನ್ನುವವರಿಗೂ ಹೇಳುತ್ತೇನೆ. ಮಂಜೇಶ್ವರ, ಕುಂಬಳೆ, ಬೇಕಲ ಕೋಟೆ, ಎಲ್ಲ ಕಡೆ ರೈಲು ಸ್ಟೇಷನ್ ಉಂಟು. ಪ್ಯಾಸೆಂಜರ್ ಗಾಡಿಯಲ್ಲಿ ಖರ್ಚು ಕಡಿಮೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಎಲ್ಲಿಗೇ ಹೋಗಿ, ನೀರಿಗೆ ಇಳಿಯುವ ಮುಂಚೆ ಹತ್ತು ನಿಮಿಷ ನಿಂತು ಕಡಲನ್ನು ನೋಡಿ. ಇದನ್ನು ನಾನು ಕಲಿತ ಬಗೆ ಹೇಳಬೇಕು.

2013ರ ಮೇ ತಿಂಗಳು. ಬಾಡಿಗೆ ಅಲ್ಲ, ನಮ್ಮದೇ ಮನೆಯವರು. ಅಕ್ಕನ ಮಗನಿಗೆ ಹನ್ನೊಂದು ವರ್ಷ. ಹೊಳೆ ಕಡಲಿಗೆ ಸೇರುವ ಅಳಿವೆಯಿಂದ ಸ್ವಲ್ಪ ಈಚೆಗೆ ನಿಂತಿದ್ದೆವು. ಎರಡೂ ಬದಿಯಲ್ಲಿ ತೆರೆ ಬಿಳಿಯಾಗಿ ಒಡೆಯುತ್ತಿತ್ತು, ನಡುವೆ ಹತ್ತು ಹದಿನೈದು ಮಾರು ಅಗಲಕ್ಕೆ ನೀರು ಸಮ ಇತ್ತು. ತೆರೆಗೆ ಹೆದರುತ್ತಿದ್ದ ಹುಡುಗನಿಗೆ ನಾನೇ ಹೇಳಿದೆ, "ಅಲ್ಲಿ ಹೋಗು ಮಗಾ, ಅಲ್ಲಿ ಸಮ ಉಂಟು." ಸೊಂಟದ ತನಕ ಹೋದ. ತಿರುಗಿ ನೋಡುವಾಗ ಕುತ್ತಿಗೆ ಮಾತ್ರ ಕಾಣುತ್ತಿತ್ತು, ಮತ್ತೆ ಇನ್ನೂ ದೂರ. ಅವನು ದಡದ ಕಡೆಗೇ ಕೈ ಬಡಿಯುತ್ತಿದ್ದ, ಆದರೆ ಹಿಂದೆ ಹಿಂದೆ ಹೋಗುತ್ತಿದ್ದ. ನಾನು ನುಗ್ಗಲು ಹೋದೆ. ದೋಣಿಯ ನೆರಳಲ್ಲಿ ಬಲೆ ಸರಿ ಮಾಡುತ್ತಿದ್ದ ಒಬ್ಬರು ಹಿರಿಯರು ನನ್ನ ಅಂಗಿ ಹಿಡಿದು ಎಳೆದು ಹಿಂದೆ ದೂಡಿದರು. ಅವರ ಕೈಯಲ್ಲಿ ಹಗ್ಗ ಕಟ್ಟಿದ ಖಾಲಿ ಕ್ಯಾನ್ ಇತ್ತು. ಸ್ವಲ್ಪ ಉತ್ತರಕ್ಕೆ ಓಡಿ, ತೆರೆ ಒಡೆಯುವ ಕಡೆಯಿಂದ ನೀರಿಗೆ ಇಳಿದು, ಕ್ಯಾನ್ ಎಸೆದು, ಕೈ ಬೀಸಿ ಕರೆದರು. ದಡದ ಕಡೆಗಲ್ಲ, ಅಡ್ಡಕ್ಕೆ. ಹುಡುಗ ಕ್ಯಾನ್ ಅಪ್ಪಿಕೊಂಡ. ತೆರೆಯೇ ಇಬ್ಬರನ್ನೂ ದಡಕ್ಕೆ ತಂದು ಹಾಕಿತು.

ಆಮೇಲೆ ಅವರು ಒಂದು ಕಡ್ಡಿ ತೆಗೆದುಕೊಂಡು ಹೊಯ್ಗೆಯ ಮೇಲೆ ಗೀಚಿ ತೋರಿಸಿದರು. ಎರಡು ದಿಣ್ಣೆ, ನಡುವೆ ಒಂದು ತೋಡು. ತೆರೆ ದಿಣ್ಣೆಯ ಮೇಲೆ ಒಡೆದು ನೀರನ್ನು ದಡಕ್ಕೆ ತಳ್ಳುತ್ತದೆ. ಬಂದ ನೀರು ಎಲ್ಲಿಂದಲಾದರೂ ವಾಪಸು ಹೋಗಬೇಕಲ್ವಾ? ಆ ತೋಡಿನಲ್ಲಿ ಹೋಗುತ್ತದೆ. ತೋಡು ಆಳ ಇರುವುದರಿಂದ ಅಲ್ಲಿ ತೆರೆ ಒಡೆಯುವುದಿಲ್ಲ, ಸಮ ಕಾಣುತ್ತದೆ. ನಾನು ಹುಡುಗನನ್ನು ಕಳಿಸಿದ್ದು ಸರಿಯಾಗಿ ಅದರ ಬಾಯಿಗೆ.

ಆ ಗೀಟು ಇವತ್ತಿಗೂ ನನ್ನ ಕಣ್ಣ ಮುಂದೆ ಉಂಟು. ಅದಕ್ಕೇ ಯಾರೇ ವ್ಯಾನಿನಿಂದ ಇಳಿದರೂ ಮೊದಲು ಇದನ್ನು ತೋರಿಸುತ್ತೇನೆ. ತೆರೆಗಳ ಸಾಲಿನ ನಡುವೆ ಒಂದು ಕಡೆ ಮಾತ್ರ ಖಾಲಿ ಇದ್ದರೆ, ನೀರಿನ ಬಣ್ಣ ಅಲ್ಲಿ ಗಾಢ ಇಲ್ಲವೇ ಕೆಸರು ಕೆಸರು ಇದ್ದರೆ, ನೊರೆ, ಕಸ ದಡಕ್ಕೆ ಬರುವ ಬದಲು ಆಚೆಗೆ ಹೋಗುತ್ತಿದ್ದರೆ ಅಲ್ಲಿ ಇಳಿಯಬೇಡಿ. ಅಳಿವೆಯ ಹತ್ತಿರ ಯಾವತ್ತೂ ಬೇಡ. ಅದರಲ್ಲೂ ಇಳಿತದ ಹೊತ್ತಿಗೆ ಹೊಳೆ ನೀರೂ ಸೇರಿ ಎಳೆಯುತ್ತದೆ. ಒಂದು ವೇಳೆ ಸಿಕ್ಕಿಕೊಂಡರೆ ದಡದ ಕಡೆ ಈಜಿ ಸುಸ್ತಾಗಬೇಡಿ. ಆ ನೀರು ಕೆಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ ಅಷ್ಟೇ, ತೆರೆ ಒಡೆಯುವ ಜಾಗ ದಾಟಿದ ಮೇಲೆ ಅದರ ಬಲ ಕಡಿಮೆಯಾಗುತ್ತದೆ. ತೇಲಿ, ಕೈ ಎತ್ತಿ, ದಡಕ್ಕೆ ಸಮಾನಾಂತರವಾಗಿ ಅಡ್ಡಕ್ಕೆ ಹೋಗಿ, ತೆರೆ ಒಡೆಯುವ ಕಡೆಯಿಂದ ವಾಪಸು ಬನ್ನಿ. ದಡದಲ್ಲಿದ್ದವರು ಹಿಂದೆಯೇ ಹಾರಬೇಡಿ. ತೇಲುವುದು ಏನಾದರೂ ಎಸೆಯಿರಿ, 112ಕ್ಕೆ ಫೋನ್ ಮಾಡಿ. ನನ್ನ ವ್ಯಾನಿನ ಹಿಂದಿನ ಸೀಟಿನ ಅಡಿಯಲ್ಲಿ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನ್ ಮತ್ತು ಹದಿನೈದು ಮೀಟರ್ ಹಗ್ಗ ಅವತ್ತಿನಿಂದ ಉಂಟು. ನೀವೂ ಒಂದು ಇಟ್ಟುಕೊಳ್ಳಿ. ಖರ್ಚು ಹಗ್ಗದ್ದು ಮಾತ್ರ.

ಇನ್ನೊಂದು ಸಂಗತಿ ಕಳ್ಳಕ್ಕಡಲ್. ಮಲಯಾಳದಲ್ಲಿ ಹಾಗೆ ಹೇಳುತ್ತಾರೆ, ಕಳ್ಳನ ಹಾಗೆ ಬರುವ ಕಡಲು. ಇಲ್ಲಿ ಗಾಳಿ ಇಲ್ಲ, ಮೋಡ ಇಲ್ಲ, ಆದರೂ ತೆರೆ ಇದ್ದಕ್ಕಿದ್ದ ಹಾಗೆ ಮೇಲೆ ಬಂದು ಚಪ್ಪಲಿ, ಚಾಪೆ ಎಲ್ಲ ಎಳೆದುಕೊಂಡು ಹೋಗುತ್ತದೆ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಗಾಳಿಯ ತೆರೆ ಸಾವಿರಾರು ಕಿಲೋಮೀಟರ್ ದಾಟಿ ಬರುವುದು ಅದು. ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ ಜಾಸ್ತಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇದಕ್ಕೆ ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ, ಅದು ಟಿ.ವಿ., ಪೇಪರಿನಲ್ಲಿ ಬರುತ್ತದೆ. ಎಚ್ಚರಿಕೆ ಇದ್ದ ದಿನ ನಾನು ಬೀಚಿನ ಬಾಡಿಗೆ ಹಿಡಿಯುವುದಿಲ್ಲ. ಅನಂತಪುರದ ಕೆರೆ ದೇವಸ್ಥಾನಕ್ಕೆ ಹೋಗುವ ಅಂತ ಹೇಳುತ್ತೇನೆ.

ಬಟ್ಟೆಯ ವಿಷಯ ಹೆಂಗಸರಿಗೂ ಗಂಡಸರಿಗೂ ಒಂದೇ. ಸೀರೆ, ಮುಂಡು ಎರಡೂ ನೀರಲ್ಲಿ ಕಾಲಿಗೆ ಸುತ್ತುತ್ತದೆ. ನೀರಿಗೆ ಇಳಿಯುವವರು ಚೂಡಿದಾರ್, ಚಡ್ಡಿ ಹಾಕಿಕೊಳ್ಳಿ. ತಲೆಗೆ ತೋಟದಲ್ಲಿ ಹಾಕುವ ಅಡಿಕೆ ಹಾಳೆಯ ಟೊಪ್ಪಿ ಇದ್ದರೆ ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಬಿಸಿಲು ಒಳಗೆ ಬರುವುದಿಲ್ಲ, ಬೆವರೂ ಕಡಿಮೆ. ನಮ್ಮ ಮನೆಯ ಮಕ್ಕಳಿಗೆ ಅಳತೆಗೆ ಸರಿಯಾಗಿ ಚಿಕ್ಕದು ಮಾಡಿ ಕೊಟ್ಟಿದ್ದೇನೆ. ಎಲ್ಲರಿಗೂ ಒಂದೊಂದು ಬೈರಾಸು (ಟವೆಲ್), ಒಂದು ಜೊತೆ ಒಣ ಬಟ್ಟೆ. ಹಳೆಯ ಬೆಡ್‌ಶೀಟ್ ಒಂದು.

ತಿಂಡಿ ಎಲೆಯಲ್ಲಿ ಕಟ್ಟಿದ್ದೇ ಆಗಬೇಕು. ಗಾಳಿಗೆ ಹೊಯ್ಗೆ ಹಾರುವಾಗ ತಟ್ಟೆಯಲ್ಲಿ ಬಡಿಸಿಕೊಂಡರೆ ಹಲ್ಲಿಗೆ ಕಟಕಟ ಸಿಗುತ್ತದೆ. ಕೊಟ್ಟೆ ಕಡುಬು ಆದರೆ ಬಿಚ್ಚಿದಷ್ಟೇ ತಿನ್ನುವುದು. ಚಟ್ನಿ ಗಟ್ಟಿ ಇರಲಿ, ಬೇಗ ಹಳಸುವ ತೆಂಗಿನಕಾಯಿ ಚಟ್ನಿಗಿಂತ ಮಾವಿನ ಉಪ್ಪಿನಕಾಯಿ ಒಳ್ಳೆಯದು. ಉಪ್ಪು, ಶುಂಠಿ ಹಾಕಿದ ನೀರು ಮಜ್ಜಿಗೆ ಒಂದು ದೊಡ್ಡ ಬಾಟಲಿ. ಕುಡಿಯುವ ನೀರು ತಲೆಗೆ ಒಂದೂವರೆ ಲೀಟರ್ ಲೆಕ್ಕ ಹಾಕಿ. ಬೊಂಡ (ಎಳನೀರು) ಸಿಕ್ಕಿದರೆ ಸಂತೋಷ, ಸಿಗುತ್ತದೆ ಅಂತ ನಂಬಿ ಹೊರಡಬೇಡಿ.

ಜೆಲ್ಲಿ ಮೀನು ತಾಗಿ ಉರಿ ಬಂದರೆ ಹೊಯ್ಗೆ ಹಾಕಿ ಉಜ್ಜಬೇಡಿ, ಸಿಹಿನೀರೂ ಹಾಕಬೇಡಿ. ಕಡಲ ನೀರಲ್ಲೇ ತೊಳೆದು, ಅಂಟಿದ ಎಳೆಯನ್ನು ಕಡ್ಡಿಯಿಂದ ತೆಗೆಯಿರಿ. ಉಸಿರಾಟಕ್ಕೆ ತೊಂದರೆ ಆದರೆ ಸೀದಾ ಆಸ್ಪತ್ರೆಗೆ.

ನೀಲೇಶ್ವರದ ಕಡೆ, ತೈಕಡಪ್ಪುರಂನಲ್ಲಿ, ಮಳೆಗಾಲ ಕಳೆದ ತಿಂಗಳುಗಳಲ್ಲಿ ಕಡಲಾಮೆ ರಾತ್ರಿ ಬಂದು ಹೊಯ್ಗೆಯಲ್ಲಿ ಮೊಟ್ಟೆ ಇಡುತ್ತದೆ. ಊರಿನವರೇ ಮೊಟ್ಟೆ ಕಾದು ಮರಿಗಳನ್ನು ಕಡಲಿಗೆ ಬಿಡುತ್ತಾರೆ. ಕತ್ತಲಾದ ಮೇಲೆ ಟಾರ್ಚ್ ಹಾಕಿಕೊಂಡು ತಿರುಗಬೇಡಿ, ಬೆಂಕಿ ಹಾಕಬೇಡಿ. ಬೆಳಕು ಕಂಡರೆ ಮರಿಗಳು ಕಡಲು ಬಿಟ್ಟು ಊರಿನ ಕಡೆ ನಡೆಯುತ್ತವೆ. ಗಾಡಿಯನ್ನು ಹೊಯ್ಗೆಗೆ ಇಳಿಸಬೇಡಿ. ಮೊಟ್ಟೆಗೂ ಕೆಟ್ಟದು, ಚಕ್ರ ಹೂತರೆ ಎತ್ತಲಿಕ್ಕೆ ಹತ್ತು ಜನ ಬೇಕು.

ಹೊರಡುವಾಗ ಮಕ್ಕಳ ಕಾಲನ್ನು ಒದ್ದೆ ಇರುವಾಗಲೇ ಒರೆಸಲು ಹೋಗಬೇಡಿ. ಹೊಯ್ಗೆ ಉಜ್ಜಿ ಚರ್ಮ ಕೆಂಪಾಗುತ್ತದೆ, ಮಗು ಅಳುತ್ತದೆ. ಐದು ನಿಮಿಷ ಗಾಳಿಗೆ ಬಿಡಿ. ಆಮೇಲೆ ಮುಖಕ್ಕೆ ಹಾಕುವ ಪೌಡರನ್ನೇ ಸ್ವಲ್ಪ ಉದುರಿಸಿ ಬೈರಾಸಿನಲ್ಲಿ ಮೆಲ್ಲ ತಟ್ಟಿದರೆ ಹೊಯ್ಗೆ ಎಲ್ಲ ಸುಲಭದಲ್ಲಿ ಉದುರುತ್ತದೆ. ಪೌಡರ್ ಡಬ್ಬಿ ನನ್ನ ಡ್ಯಾಶ್‌ಬೋರ್ಡಿನಲ್ಲಿ ಯಾವಾಗಲೂ ಇರುತ್ತದೆ, ಕೇಳಿದರೆ ಕೊಡುತ್ತೇನೆ.