ಕ್ಯಾಮಿಯೋ ಪಿಕಪ್ ಅಸಲಿಯೇ ಎಂದು ಪರೀಕ್ಷಿಸುವ ಬಗೆ

ಹಳೆಯ ಅಮೆರಿಕನ್ ಪಿಕಪ್‌ಗಳನ್ನು ಮಾರುವವರ ಬಾಯಲ್ಲಿ ‘ಅಪರೂಪ’ ಎಂಬ ಮಾತು ಬಹಳ ಅಗ್ಗ. ಷೆವರ್ಲೆ ಕ್ಯಾಮಿಯೋ ಕ್ಯಾರಿಯರ್ ವಿಷಯದಲ್ಲಿ ಮಾತ್ರ ಅದು ನಿಜ. 1955ರಲ್ಲಿ 5,220, 1956ರಲ್ಲಿ 1,452, 1957ರಲ್ಲಿ 2,244, 1958ರಲ್ಲಿ 1,405 ಗಾಡಿಗಳು ತಯಾರಾಗಿ ಅಲ್ಲಿಗೆ ಅದರ ಕಥೆ ಮುಗಿಯಿತು. ಲೆಕ್ಕದ ಪ್ರಕಾರ 1958ರದ್ದೇ ಎಲ್ಲಕ್ಕಿಂತ ವಿರಳ. ಆದರೆ 1956ಕ್ಕೂ ಅದಕ್ಕೂ ಇರುವ ಅಂತರ ಬರೀ 47 ಗಾಡಿಗಳು. ಅಷ್ಟಕ್ಕೆ ಹೆಚ್ಚು ಬೆಲೆ ಕೇಳಿದರೆ ಒಪ್ಪಬೇಕಾಗಿಲ್ಲ.

ಮೊದಲು ವರ್ಷವನ್ನು ಖಚಿತಪಡಿಸಿಕೊಳ್ಳಬೇಕು. 1955ರಲ್ಲಿ ಷೆವರ್ಲೆ ಎರಡು ಸರಣಿಗಳ ಟ್ರಕ್‌ಗಳನ್ನು ಮಾರಿತು: ಮಾರ್ಚ್‌ವರೆಗೆ ಹಳೆಯ ಗುಂಡು ಬಾಡಿಯವು, ಆಮೇಲೆ ಮುಂಗಾಜು ಎರಡೂ ಬದಿಗೆ ಬಳಸಿ ಬರುವ ಹೊಸ ಬಾಡಿಯವು. ಕ್ಯಾಮಿಯೋ ಬಂದದ್ದು ಎರಡನೆಯ ಸರಣಿಯಲ್ಲಿ ಮಾತ್ರ. ಮುಂದಿನ ಮಡ್‌ಗಾರ್ಡಿನ ಮೇಲಿರುವ ಬ್ಯಾಡ್ಜ್ ಅಲ್ಲಿನ ಮಡಿಕೆಗೆರೆಯ ಕೆಳಗಿದ್ದರೆ 1955, ಮೇಲಿದ್ದರೆ 1956. ಒಂದೊಂದು ಬದಿಗೆ ಎರಡರಂತೆ ನಾಲ್ಕು ಹೆಡ್‌ಲೈಟ್ ಇದ್ದರೆ 1958. ಮೊದಲ ವರ್ಷದ ಗಾಡಿಗಳು ಕೆಂಪು ಅಲಂಕಾರದ ದಂತಬಣ್ಣದಲ್ಲಿ ಮಾತ್ರ ಬಂದವು.

ನಿಜವಾದ ತೊಡಕಿರುವುದು ಬಾಡಿಯಲ್ಲಿ. ಸಾಮಾನ್ಯ ಅರ್ಧ ಟನ್ ಪಿಕಪ್‌ನಲ್ಲಿ, ಅಂದರೆ 3104 ಮಾದರಿಯಲ್ಲಿ, ಹಿಂದಿನ ಮಡ್‌ಗಾರ್ಡ್‌ಗಳು ಸರಕಿನ ತೊಟ್ಟಿಯ ಹೊರಗೆ ಉಬ್ಬಿಕೊಂಡಿರುತ್ತವೆ. 3124 ಸಂಖ್ಯೆಯ ಕ್ಯಾಮಿಯೋದಲ್ಲಿಯೂ ಒಳಗಿರುವುದು ಉಕ್ಕಿನ ತೊಟ್ಟಿಯೇ. ಕ್ಯಾಬಿನ್ನಿನಷ್ಟೇ ಅಗಲಕ್ಕೆ ನಯವಾಗಿ ಕಾಣಲೆಂದು ಅದರ ಹೊರಗೆ ಫೈಬರ್‌ಗ್ಲಾಸ್ ಹೊದಿಕೆ ತೊಡಿಸಿದ್ದಾರೆ. ಹೊರಗಿನಿಂದ ತೊಡಿಸಿದ್ದನ್ನು ಇನ್ನೊಂದು ಗಾಡಿಗೂ ತೊಡಿಸಬಹುದು, ಮೇಲಾಗಿ ಹೊಸದಾಗಿ ಅಚ್ಚು ಹಾಕಿದ ಹೊದಿಕೆಗಳೂ ಮಾರಾಟಕ್ಕೆ ಸಿಗುತ್ತವೆ. ಬಾಗಿಲ ಕಂಬದ ಫಲಕದಲ್ಲಿರುವ ಕ್ರಮಸಂಖ್ಯೆಯನ್ನು ನೆಚ್ಚಿಕೊಂಡೂ ಪ್ರಯೋಜನವಿಲ್ಲ. ಅದು ಗಾಡಿ 3104, 3124 ಎರಡೂ ಸೇರುವ 3100 ಸರಣಿಯದೆಂದು ತಿಳಿಸುತ್ತದೆಯೇ ಹೊರತು ಕ್ಯಾಮಿಯೋ ಎಂದು ಸಾರುವುದಿಲ್ಲ.

ಆದ್ದರಿಂದ ಒಂದು ಸಣ್ಣ ಅಯಸ್ಕಾಂತಕ್ಕೆ ಮೆತ್ತನೆ ಬಟ್ಟೆ ಸುತ್ತಿಕೊಂಡು ಹೋಗಿ. ತೊಟ್ಟಿಯ ಒಳಗೋಡೆಗೆ ಅದು ಪಟ್ಟನೆ ಅಂಟಬೇಕು, ಹೊರಗೋಡೆಯಿಂದ ಜಾರಿ ಬೀಳಬೇಕು. ಹೊರಗೂ ಅಂಟಿದರೆ ಯಾರೋ ತಗಡು ಬಡಿದು ಕೂರಿಸಿದ್ದಾರೆ ಎಂದರ್ಥ. ಬರೀ ಇಷ್ಟರಿಂದಲೇ ಗಾಡಿ ಅಸಲಿ ಎಂದು ತೀರ್ಮಾನಿಸಬೇಡಿ, ಏಕೆಂದರೆ ಹೊಸ ಹೊದಿಕೆಯೂ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಇನ್ನು ಹಿಂದಕ್ಕೆ ಹೋಗಿ ಮೊಣಕಾಲೂರಿ ಬಗ್ಗಿ. ಕ್ಯಾಮಿಯೋದ ಹಿಂದಿನ ಬಂಪರಿನ ನಡುಭಾಗ ಕೆಳಕ್ಕೆ ಮಡಚಿಕೊಳ್ಳುತ್ತದೆ. ಅದರ ಹಿಂದೆ, ತೊಟ್ಟಿಯ ತಳದಲ್ಲಿ, ಸ್ಟೆಪ್ನಿಗೆಂದೇ ಮಾಡಿದ ಫೈಬರ್‌ಗ್ಲಾಸ್ ಗೂಡಿರುತ್ತದೆ. ಬೇರೆ ಗಾಡಿಯನ್ನು ಕ್ಯಾಮಿಯೋ ಮಾಡಲು ಹೊರಟವರು ಕಣ್ಣಿಗೆ ಬೀಳುವ ಪಕ್ಕದ ಹೊದಿಕೆಗೆ ಹಣ ಸುರಿದು ಈ ಗೂಡಿನ ಗೋಜಿಗೆ ಹೋಗದಿರುವುದುಂಟು. ಚಾಸಿಸ್ಸಿನಲ್ಲಿ ಹೊಸದಾಗಿ ಕೊರೆದ ತೂತುಗಳಿವೆಯೇ, ಬೆಸುಗೆಯ ಗುರುತುಗಳಿವೆಯೇ ಎಂದು ಟಾರ್ಚ್ ಹಿಡಿದು ನೋಡಿ.

ಹಿಂಗಾಜಿನ ಸಾಕ್ಷ್ಯಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಬಳಸಿ ಬರುವ ದೊಡ್ಡ ಗಾಜು ಕ್ಯಾಮಿಯೋಗೆ ಕಡ್ಡಾಯವಾಗಿತ್ತು ನಿಜ, ಆದರೆ ಬೇರೆ ಟ್ರಕ್‌ಗಳಿಗೂ ಹೆಚ್ಚುವರಿ ಹಣಕ್ಕೆ ಸಿಗುತ್ತಿತ್ತು. ಉಳಿದದ್ದೆಲ್ಲ ಸರಿಯಾಗಿದ್ದು ಸ್ಟೆಪ್ನಿಯ ಗೂಡೊಂದೇ ಕಾಣದಿದ್ದರೆ, ಅದರ ಬದಲಾವಣೆಗೆ ನಂಬುವಂಥ ದಾಖಲೆ ಕೈಗೆ ಬರುವವರೆಗೆ, 3104ರ ಬೆಲೆಯಲ್ಲೇ ಚೌಕಾಸಿ ನಡೆಸಿ.