ಐದು ಜನ, ಒಂದು ಮನೆ, ಒಂದು ಮಾತ್ರೆ ಡಬ್ಬಿ

ವೈದ್ಯ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಮನೆಗಳಿಗೆ ಮತ್ತೆ ಮತ್ತೆ ಹೋಗಿ ಆ ಕುಟುಂಬಗಳ ಆರೋಗ್ಯದ ಮೇಲೆ ಕಣ್ಣಿಡುವ ಕುಟುಂಬ ದತ್ತು ಕಾರ್ಯಕ್ರಮ 2021-22ರ ಬ್ಯಾಚಿನಿಂದ ಎಂಬಿಬಿಎಸ್ ಪಠ್ಯಕ್ರಮದೊಳಗೇ ಇದೆ. ನಾವು ಅದಕ್ಕೆ ಉಳಿದ ಕೋರ್ಸುಗಳನ್ನೂ ಜೋಡಿಸಿ ಐದು ಜನರ ತಂಡ ಕಟ್ಟುತ್ತೇವೆ: ಎಂಬಿಬಿಎಸ್ ಇಬ್ಬರು, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿಯಿಂದ ಒಬ್ಬೊಬ್ಬರು. ದಿನಕ್ಕೆ ಎರಡೇ ಮನೆ. ಮೂರನೆಯ ಮನೆಗೆ ಬರುವಷ್ಟರಲ್ಲಿ ಮಾತು ಸತ್ತು ಫಾರಂ ತುಂಬುವುದಷ್ಟೇ ಉಳಿದಿರುತ್ತದೆ.

ಹೊಸ್ತಿಲು ದಾಟುವ ಮೊದಲು ಹತ್ತು ನಿಮಿಷ ಆಶಾ ಕಾರ್ಯಕರ್ತೆಯ ಪಾಠ. ಯಾವ ಮನೆಯಲ್ಲಿ ಸೂತಕ, ಅತ್ತೆಯ ಎದುರು ಏನು ಕೇಳಬಾರದು, ಇದೆಲ್ಲ ಆಕೆಗೇ ಗೊತ್ತು. ಮೌಲ್ಯಮಾಪನದಲ್ಲಿ ಆಕೆಯ ಅಭಿಪ್ರಾಯಕ್ಕೂ ಅಂಕ ಇಡಲೇಬೇಕು. ಇಲ್ಲದಿದ್ದರೆ ವಿದ್ಯಾರ್ಥಿಗಳು ಆಕೆಯನ್ನು ದಾರಿ ತೋರಿಸಲು ಬಂದವರೆಂದುಕೊಳ್ಳುತ್ತಾರೆ.

ಆರು ತಿಂಗಳ ಗರ್ಭಿಣಿ, ಹಿಮೋಗ್ಲೋಬಿನ್ 9.2 ಎಂದಿಟ್ಟುಕೊಳ್ಳಿ. 11ಕ್ಕಿಂತ ಕಡಿಮೆ, ಅಂದರೆ ರಕ್ತಹೀನತೆ. ಎಂಬಿಬಿಎಸ್ ವಿದ್ಯಾರ್ಥಿ ಅಲ್ಲಿಗೇ ನಿಲ್ಲುತ್ತಾನೆ. ನರ್ಸಿಂಗ್ ವಿದ್ಯಾರ್ಥಿನಿ ತಾಯಿ ಕಾರ್ಡ್ ತೆಗೆದು ಹಿಂದಿನ ಅಳತೆ ನೋಡುತ್ತಾಳೆ. ಫಾರ್ಮಸಿಯವಳು ಕಬ್ಬಿಣಾಂಶದ ಮಾತ್ರೆ ಡಬ್ಬಿ ತರಿಸಿ ಎಣಿಸುತ್ತಾಳೆ: ತಿಂಗಳ ಹಿಂದೆ ಕೊಟ್ಟದ್ದು 60, ದಿನಕ್ಕೆ ಎರಡು, ಉಳಿದದ್ದು 34. ‘ಯಾಕೆ ನುಂಗಲಿಲ್ಲ’ ಅಂದರೆ ಆ ತಾಯಿ ತಲೆ ತಗ್ಗಿಸುತ್ತಾಳೆ. ‘ನುಂಗಿದ ಮೇಲೆ ಹೆಂಗಾಗುತ್ತಮ್ಮ?’ ಅಂದರೆ ವಾಕರಿಕೆ, ಕಪ್ಪು ಮಲದ ಭಯ ಎಲ್ಲ ಹೊರಬರುತ್ತದೆ. ನುಂಗಿದ ಮಾತ್ರೆಗಳೂ ಕ್ಯಾಲ್ಸಿಯಂ ಜೊತೆ, ಚಹಾದ ಜೊತೆ ಹೋಗಿರುತ್ತವೆ. ಎರಡೂ ಕಬ್ಬಿಣಾಂಶ ಹೀರದಂತೆ ತಡೆಯುತ್ತವೆ. ಆಕೆ ದಿನಕ್ಕೆ ಎಷ್ಟು ಕೊಡ ನೀರು ಹೊರುತ್ತಾಳೆಂದು ಕೇಳುವುದು ಫಿಸಿಯೋಥೆರಪಿಯವನು.

ಕೆಡುವುದು ಹೆಚ್ಚಾಗಿ ಒಂದೇ ಕಡೆ. ಎಂಬಿಬಿಎಸ್‌ನವರು ಮಾತಾಡುತ್ತಾರೆ, ಉಳಿದವರು ಬರೆದುಕೊಳ್ಳುತ್ತಾರೆ. ಅದಕ್ಕೇ ಮೊದಲ ಮನೆಯಲ್ಲಿ ಎಂಬಿಬಿಎಸ್‌ನವರ ಕೈಗೆ ಪೆನ್ನು ಕೊಟ್ಟು ಸುಮ್ಮನೆ ಕೂರಿಸುತ್ತೇವೆ. ಆಮೇಲೆ ಅರಳಿಕಟ್ಟೆಯ ಮೇಲೆ ಅರ್ಧ ಗಂಟೆ ಚರ್ಚೆ, ಅಲ್ಲೂ ಅವರ ಸರದಿ ಕೊನೆಗೆ. ಐವರೂ ಒಪ್ಪಿದ ಒಂದೇ ಹಾಳೆಯ ಯೋಜನೆ ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ಬಿತ್ತನೆ, ಕಟಾವಿನ ಕಾಲದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಬಾಗಿಲಿಗೆ ಬೀಗ. ಸಂಜೆ ಐದೂವರೆ ಮೇಲು. ನಾಲ್ಕು ಕಾಲೇಜುಗಳ ವೇಳಾಪಟ್ಟಿ ಹೊಂದಿಸುವುದು ಇದಕ್ಕಿಂತ ಕಷ್ಟ. ವಾರದ ಒಂದು ದಿನವನ್ನು ವರ್ಷದ ಆರಂಭದಲ್ಲೇ ಪ್ರಾಂಶುಪಾಲರ ಸಹಿಯೊಂದಿಗೆ ಕಾಯ್ದಿರಿಸಿ.

ನಾಲ್ಕು ವಾರದ ಮೇಲೆ ಅದೇ ಐವರು ಅದೇ ಮನೆಗೆ ಹೋಗಬೇಕು. ಮೊದಲ ಕೆಲಸ, ಡಬ್ಬಿ ತರಿಸಿ ಮತ್ತೆ ಎಣಿಸುವುದು.