ಮುತ್ತಜ್ಜನ ಯುದ್ಧಪದಕ: ಅಂಚು ಓದಿ ಜಾಡು ಹಿಡಿಯುವುದು ಹೇಗೆ

ಮೊದಲ ಮಹಾಯುದ್ಧಕ್ಕೆ ಹೋದ ಸಿಪಾಯಿಯ ಜಾಡು ಹಿಡಿಯಲು ಹೊರಟವರು ಹೆಸರಿನಿಂದ ಶುರುಮಾಡಿ ಸೋಲುತ್ತಾರೆ. ಬೇಕಾದದ್ದು ನಂಬರು ಮತ್ತು ದಳ. ಎರಡೂ ಪದಕದ ಅಂಚಿನಲ್ಲಿರುತ್ತವೆ.

ಟ್ರಂಕಿನಲ್ಲಿ ಪದಕ ಸಿಕ್ಕರೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಅಂಚಿನ ಅಕ್ಷರ ಸವೆದರೆ ಮತ್ತೆ ಬರುವುದಿಲ್ಲ. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಾಯಿಸಿ, ಭೂತಗನ್ನಡಿ ಹಿಡಿದು ಓದಿ. ಐದನೇ ಜಾರ್ಜ್ ದೊರೆಯ ತಲೆಯಿರುವ ಬೆಳ್ಳಿಯದು ಬ್ರಿಟಿಷ್ ವಾರ್ ಮೆಡಲ್, ರೆಕ್ಕೆಯ ದೇವತೆಯಿರುವುದು ವಿಕ್ಟರಿ ಮೆಡಲ್. ಮೊದಲನೆಯದು ಕಂಚಿನಲ್ಲಿದ್ದರೆ ನಕಲಿ ಎಂದುಕೊಳ್ಳಬೇಡಿ, ಕೂಲಿ ದಳದಂಥ ಅನುಚರರಿಗೆ ಕಂಚಿನದನ್ನೇ ಕೊಟ್ಟಿದ್ದರು. ನಕ್ಷತ್ರಾಕಾರದ 1914-15 ಸ್ಟಾರ್ ಪದಕದಲ್ಲಿ ಹೆಸರು ಅಂಚಿನಲ್ಲಲ್ಲ, ಹಿಂಬದಿಯಲ್ಲಿರುತ್ತದೆ. ಅದಿದ್ದರೆ ಆತ 1915ರ ಡಿಸೆಂಬರ್ 31ರೊಳಗೆ ರಣರಂಗ ಮುಟ್ಟಿದ್ದ ಎಂದರ್ಥ.

ಅಂಚಿನ ಕ್ರಮ: ನಂಬರು, ದರ್ಜೆ, ಹೆಸರು, ದಳ. ಸವಾರ್, ದಫೇದಾರ್ ಎಂದಿದ್ದರೆ ಕುದುರೆ ದಳ; ಸಿಪಾಯಿ, ನಾಯಕ್, ಹವಾಲ್ದಾರ್ ಎಂದಿದ್ದರೆ ಕಾಲಾಳು; ಸ್ಯಾಪರ್ (ಸೇತುವೆ, ಕಂದಕದ ಕೆಲಸದ ಸೈನಿಕ) ಎಂದಿದ್ದರೆ, ನಮ್ಮ ಕಡೆಯವರಾದರೆ, ಬಹುಶಃ ಬೆಂಗಳೂರಿನ 2ನೇ ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್. ದಳದ ಸಂಖ್ಯೆಯನ್ನು ಇಂದಿನ ಪಟ್ಟಿಯಲ್ಲಿ ಹುಡುಕಬೇಡಿ. 1922ರಲ್ಲಿ ಎಲ್ಲ ಬದಲಾಯಿತು: 110ನೇ ಮರಾಠಾ ಆಮೇಲೆ 5ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ 3ನೇ ಬೆಟಾಲಿಯನ್, 117ನೆಯದು ಅದರದೇ 5ನೇ ಬೆಟಾಲಿಯನ್.

ಆತ ಯುದ್ಧದಲ್ಲಿ ತೀರಿಕೊಂಡಿದ್ದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಜಾಲತಾಣ ನೋಡಿ. ಮೊದಲ ಮಹಾಯುದ್ಧದ ಮಟ್ಟಿಗೆ ಅದರಲ್ಲಿರುವುದು 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರೊಳಗೆ ಸತ್ತವರು ಮಾತ್ರ. ಬದುಕಿ ಊರಿಗೆ ಬಂದವರನ್ನು ಅಲ್ಲಿ ಹುಡುಕಿ 'ದಾಖಲೆಯೇ ಇಲ್ಲ' ಎಂದು ಕೈಚೆಲ್ಲುವವರೇ ಹೆಚ್ಚು. ಒಂಟಿ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಹಾಕಿ, ಇನ್ನೊಂದನ್ನು ಖಾಲಿ ಬಿಡಿ. ಗುಮಾಸ್ತನ ಕಿವಿಗೆ ಕೇಳಿದ್ದೇ ಕಾಗುಣಿತ: ಮುನಿಸ್ವಾಮಿ ಮೂನೀಸಾಮಿಯಾಗಿರಬಹುದು. ಆದ್ದರಿಂದ ನಂಬರಿನಿಂದ ಹುಡುಕುವುದೇ ವಾಸಿ. ಇರಾಕಿನ ಬಸ್ರಾ ಸ್ಮಾರಕದ ಕಲ್ಲಿನಲ್ಲಂತೂ ಭಾರತದ ಸಾಮಾನ್ಯ ಸೈನಿಕರ ಹೆಸರನ್ನು ಕೆತ್ತಲೇ ಇಲ್ಲ, ದಳಕ್ಕಿಷ್ಟು ಮಂದಿ ಎಂದು ಲೆಕ್ಕ ಕೊಟ್ಟು ಮುಗಿಸಿದ್ದಾರೆ.

ಬದುಕಿ ಬಂದವರಿಗೆ ದಳದ ಯುದ್ಧ ದಿನಚರಿಯೇ ಗತಿ. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ 'ಡಬ್ಲ್ಯೂಒ 95' ಸರಣಿ ಕೇಳಿ. ದಿನಚರಿಯಲ್ಲಿ ಹೆಸರು ಬರುವುದು ಹೆಚ್ಚಾಗಿ ಅಧಿಕಾರಿಗಳದು, ಉಳಿದವರು 'ಒ.ಆರ್.' (ಅದರ್ ರ್ಯಾಂಕ್ಸ್, ಅಂದರೆ ಸಾಮಾನ್ಯ ಸೈನಿಕರು) ಎಂಬ ಎರಡಕ್ಷರದ ಪಕ್ಕದ ಅಂಕಿ. ಆದರೂ ತಾರೀಖು, ಊರು, ಮೇವು, ನೀರು ಸಿಗುತ್ತವೆ.

ಅಂಚಿನಲ್ಲಿ ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಕುದುರೆ ದಳ) ಎಂದಿದ್ದರೆ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡಿನ ಕಡತ ಹಿಡಿಯಿರಿ. ಸವಾರನ ಸ್ಕ್ವಾಡ್ರನ್ (ದಳದೊಳಗಿನ ತುಕಡಿ) ಯಾವುದೆಂದು ತಿಳಿಯದೆ 'ಹೈಫಾಕ್ಕೆ (ಇಂದಿನ ಇಸ್ರೇಲಿನ ಊರು) ಈಟಿ ಹಿಡಿದು ನುಗ್ಗಿದರು' ಎಂದು ಬರೆದುಬಿಡಬೇಡಿ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರು ಮುಂದೆ ನುಗ್ಗಿದಾಗ ಮೈಸೂರಿನ ಒಂದು ಸ್ಕ್ವಾಡ್ರನ್ ಕಾರ್ಮೆಲ್ ಗುಡ್ಡದ ಮೇಲಿನ ಫಿರಂಗಿ ಹಿಡಿಯಲು ಹೋಗಿತ್ತು. ಮೈಸೂರಿನ ಈ ದಳ ಮಹಾರಾಜರದು, ಬ್ರಿಟಿಷ್ ಸೇನೆಯದಲ್ಲ. ಹಾಗಾಗಿ ಸಂಸ್ಥಾನದ ಕಾಗದಪತ್ರಕ್ಕೆ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗಿ. ಹೋಗುವಾಗ ಅಂಚಿನ ಫೋಟೊ ಜೊತೆಗಿರಲಿ, ಪದಕ ಮನೆಯಲ್ಲೇ ಇರಲಿ.